ಒಂದು ಸೇರು ನುಚ್ಚಿನ ಹೆಸರು

"ಇನ್ನು ಮೇಲೆ ನೀವು ಮೃತ್ಯುಂಜಯ," ಎಂದು ನಾಮಪಾಲಕ ವಿಘ್ನೇಶ್ವರ ಮಜ್ಜಿಗೆಯ ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡ.

ಅಂಗಳದಲ್ಲಿ ನಿಂತು ಅಂಗೈಗೆ ಚುಚ್ಚಿದ ಅನಾನಸಿನ ಮುಳ್ಳು ಕೀಳುತ್ತಿದ್ದ ಹುಚ್ಚ ತಲೆ ಎತ್ತಿದ. ಜವಳಿ ಅಂಗಡಿಯಲ್ಲಿ ಅಂಗಿ ತುಸು ದೊಗಳೆಯಾಯಿತು ಎನ್ನುವವನ ಹಾಗೆ ಕೇಳಿದ, "ಬ್ಯಾರೇದು ಯಾವ್ದಾರ ಐತೇನ್ರಿ, ಇದಕಿಂತ ಸಣ್ಣದು?"

"ಇಲ್ಲ. ಸಣ್ಣವೆಲ್ಲ ಸಿದ್ದಾಪುರದವರಿಗೆ ಹೋದವು. ಹರಿ, ಶಿವ, ರಾಮ, ಒಂದೂ ಉಳಿದಿಲ್ಲ. ನಡುವಿನವು ಯಲ್ಲಾಪುರದ ಪಾಲಾದವು. ಶಿರಸಿಯ ಈ ಮೂಲೆಗೆ ಬರುವಷ್ಟರಲ್ಲಿ ಉಳಿದದ್ದು ಇಂಥವೇ. ಮೃತ್ಯುಂಜಯ ಬೇಡವೆಂದರೆ ಹಿರಣ್ಯಗರ್ಭ ಇದೆ."

ಹುಚ್ಚ ಯೋಚಿಸಿದ. "ಗರ್ಭ ಅಂದ್ರ ಅದು ಹೆಣ್ಮಕ್ಕಳ ಬಾಬತ್ತಲ್ರಿ," ಎಂದ.

ವಿಘ್ನೇಶ್ವರ ಇನ್ನು ಮಾತು ಬೆಳೆಸದೆ ಮೃತ್ಯುಂಜಯ ಎಂದೇ ಬರೆದುಕೊಂಡ. ಬಾಗಿಲಲ್ಲಿ ನಿಂತಿದ್ದ ಹುಚ್ಚನ ಹೆಂಡತಿ ದುರ್ಗಿಯನ್ನು ಅದೇ ಕೈಯಲ್ಲಿ ದುರ್ಗಾಂಬಿಕಾ ಮಾಡಿದ. ದುರ್ಗಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಪುಣ್ಯಸಭೆಯ ಆಡಳಿತ ಬಂದು ಮೂರನೆಯ ವರ್ಷ ಅದು. ಮೊದಲನೆಯ ವರ್ಷ ಊಟ ಶುದ್ಧವಾಯಿತು, ಎರಡನೆಯ ವರ್ಷ ಉಡುಗೆ ಶುದ್ಧವಾಯಿತು, ಈಗ ಹೆಸರುಗಳ ಸರದಿ. ಬನವಾಸಿ ದಾರಿಯ ಹಲಸಿನಕೊಪ್ಪದ ಜನ ಇದಕ್ಕೇನೂ ಬೆರಗಾಗಲಿಲ್ಲ. ಅವರು ಬೆಳೆಯುವ ಅನಾನಸನ್ನು ಸಭೆಯವರು ಪರದೇಶಿ ಹಣ್ಣೆಂದು ಒಂದು ಸುಗ್ಗಿ ಪೂರ್ತಿ ಹೊಲದಲ್ಲೇ ಕೊಳೆಸಿದ್ದರು. ಆಮೇಲೆ ಮೇಲಿನವರು ಯಾರೋ ಅದಕ್ಕೆ ಮುಕುಟಫಲ ಎಂದು ಹೆಸರಿಟ್ಟರು, ಅದು ಶುದ್ಧವಾಯಿತು. ಹಣ್ಣು ಅದೇ, ಮುಳ್ಳೂ ಅದೇ. ಹೆಸರು ಬದಲಾದದ್ದು ಹಣ್ಣಿಗೆ ಗೊತ್ತಾದಂತೆ ಕಾಣಲಿಲ್ಲ.

ಊರಿನ ಕಂಬಕಂಬಕ್ಕೂ ಒಂದೊಂದು ಹಾರ್ನು ಕಟ್ಟಿ, ತಾಲೂಕಿನ ಹಾರ್ನುಗಳನ್ನೆಲ್ಲ ಒಂದೇ ತಂತಿಗೆ ಸೇರಿಸಿದ್ದರು. ಬೆಳಗಿನ ಪ್ರಾರ್ಥನೆ, ಮಧ್ಯಾಹ್ನದ ಪ್ರಾರ್ಥನೆ, ನಡುನಡುವೆ ಮಹಾಪಾಲಕರ ಉಪದೇಶ ಎಲ್ಲ ಅದರಿಂದಲೇ ಬರುತ್ತಿದ್ದವು. ಹಾರ್ನು ಬರೀ ಮಾತಾಡುವುದಲ್ಲ, ಕೇಳಿಸಿಕೊಳ್ಳುತ್ತದೆ ಕೂಡ ಎಂದು ಜನ ನಂಬಿದ್ದರು. ನಂಬಲು ಕಾರಣವೂ ಇತ್ತು. ದರ್ಜಿ ಸುಭಾಷ್ ಒಂದು ದಿನ ಮಹಾಪಾಲಕರ ಪಟ ನೋಡಿ, ವೃತ್ತಿಯ ಚಾಳಿ ನೋಡಿ, "ಕೊರಳಪಟ್ಟಿ ಸೊಟ್ಟ ಹಚ್ಯಾರ" ಎಂದುಬಿಟ್ಟ. ಮಾರನೆಯ ದಿನವೇ ಜೀಪು ಬಂದು ಅವನನ್ನು ಶುದ್ಧಿ ಶಿಬಿರಕ್ಕೆ ಒಯ್ದಿತು. ಮಳೆಗಾಲ ಮುಗಿಸಿಕೊಂಡು ಬಂದವನು ಈಗ ಯಾರು ಏನು ಹೇಳಿದರೂ "ಒಳ್ಳೇದು" ಎನ್ನುತ್ತಾನೆ. ಅವನ ಆಕಳು ಹಾವು ಕಚ್ಚಿ ಸತ್ತಿತೆಂದು ಹೇಳಲು ಹೋದಾಗಲೂ ಅದನ್ನೇ ಅಂದ.

ಇದೆಲ್ಲ ಹುಚ್ಚನಿಗೂ ಗೊತ್ತಿತ್ತು. ಆದರೂ ನಾಮಪಾಲಕ ಚಪ್ಪಲಿ ಮೆಟ್ಟುವಾಗ ಅವನ ಹಿಂದೆಯೇ ಹೋಗಿ ತಡೆದ.

"ಸಾಹೇಬ್ರ, ಈ ಹೆಸರು ನಂಗ ಆಗಿಬರೂದಿಲ್ರಿ. ನಮ್ಮವ್ವ ಯಮನ ಕಣ್ಣು ತಪ್ಸಾಕ ಹುಚ್ಚ ಅಂತ ಇಟ್ಟಾಳ. ನೀವು ನೋಡಿದ್ರ ಅವನ ಮೀಸಿಗೇ ಕೈ ಹಾಕೂವಂಥಾ ಹೆಸರು ಇಡಾಕತ್ತೀರಿ. ಮೃತ್ಯುನ ಗೆದ್ದಾಂವ ಅಂತ ಬೋರ್ಡ್ ಹಾಕ್ಕೊಂಡು ಕುಂತ್ರ ಅಂವ ಸುಮ್ನ ಬಿಡ್ತಾನೇನ್ರಿ?"

"ಅಂದರೆ ಇಷ್ಟು ವರ್ಷ ನೀವು ಯಮಧರ್ಮನಿಗೆ ಮೋಸ ಮಾಡಿದ್ದೀರಿ," ಎಂದ ವಿಘ್ನೇಶ್ವರ. "ಇದೇ ಒಂದು ಅಪರಾಧ. ಮುದುಕರು ಅಂತ ಬಿಟ್ಟಿದ್ದೇನೆ."

ಹುಚ್ಚ ಹುಟ್ಟುವ ಮೊದಲು ಅವನ ಅವ್ವನಿಗೆ ಹುಟ್ಟಿದ ಗಂಡುಕೂಸುಗಳೆಲ್ಲ ತೊಟ್ಟಿಲೇರುವುದರೊಳಗೇ ಹೋಗಿದ್ದವು. ಅವಕ್ಕೆಲ್ಲ ಚಂದಚಂದದ ಹೆಸರು ಯೋಚಿಸಿಟ್ಟಿದ್ದಳು, ಪಾಪ. ಈ ಸಲ ಕೂಸು ಹೊರಬಿದ್ದದ್ದೇ ತಡ, ಸೂಲಗಿತ್ತಿ ಅದನ್ನು ಮೊರದಲ್ಲಿ ಹಾಕಿ, ತಿಪ್ಪೆಯ ಮೇಲೆ ಒಂದು ಸುತ್ತು ಉರುಳಿಸಿ, ಪಕ್ಕದ ಮನೆಯ ಪಾರ್ವತವ್ವನಿಗೆ ಬೇಲಿಯ ಮೇಲಿಂದ ಮಾರಿದಳು. ಪಾರ್ವತವ್ವ ಒಂದು ಸೇರು ನುಚ್ಚು ಅಳೆದುಕೊಟ್ಟು ಕೂಸನ್ನು ಕೊಂಡಳು. ಊರಿಗೆಲ್ಲ ಕೇಳುವ ಹಾಗೆ "ಹುಚ್ಚಾ" ಎಂದು ಮೂರು ಸಲ ಕೂಗಿದಳು. ಆಮೇಲೆ "ನಮ್ಮ ಕೂಸನ್ನ ಜ್ವಾಕಿ ಮಾಡವಾ" ಎಂದು ಹೆತ್ತವಳ ಮಡಿಲಿಗೇ ತಿರುಗಿ ಹಾಕಿದಳು. ತಿಪ್ಪೆಯಲ್ಲಿ ಬಿದ್ದದ್ದು, ನುಚ್ಚಿಗೆ ಮಾರಿದ್ದು, ಸಾಲದ್ದಕ್ಕೆ ಹುಚ್ಚ ಅಂತ ಹೆಸರು. ಇಂಥ ಸರಕು ತನಗೇಕೆ ಎಂದು ಯಮ ಮುಂದಿನ ಮನೆ ನೋಡಿಕೊಂಡ.

ಹಾಗಂತ ಹುಚ್ಚನ ನಂಬಿಕೆ. ಅದನ್ನು ಸುಳ್ಳೆನ್ನಲು ಯಾರಿಗೂ ಬಾಯಿರಲಿಲ್ಲ, ಯಾಕೆಂದರೆ ಮನುಷ್ಯ ಎಪ್ಪತ್ತು ದಾಟಿದರೂ ಒಂದು ನೆಗಡಿ ಕಂಡವನಲ್ಲ. ಹೋರಿ ಹಾಯ್ದಿತ್ತು, ಮಾವಿನ ಮರದಿಂದ ಬಿದ್ದಿದ್ದ, ಊರಿಗೆ ಊರೇ ಜ್ವರ ಬಂದು ಮಲಗಿದ ವರ್ಷ ಒಬ್ಬನೇ ಎದ್ದು ಎಲ್ಲರ ದನಕ್ಕೆ ನೀರು ಕುಡಿಸಿದ್ದ. "ನಂದೇನೂ ಇಲ್ಲ, ಎಲ್ಲಾ ಹೆಸರಿಂದು," ಎನ್ನುತ್ತಿದ್ದ.

ಆ ಹೆಸರು ಹೋದ ದಿನ ಸಂಜೆಯೇ ಅವನಿಗೆ ಒಂದು ಸೀನು ಬಂತು. ಜೀವಮಾನದಲ್ಲಿ ಸೀನದವನೇನಲ್ಲ, ಆದರೆ ಈ ಸೀನು ಬೇರೆ ತೆರನಾಗಿ ಕೇಳಿಸಿತು. ಮರುದಿನ ಕಿರಾಣಿ ಅಂಗಡಿಯವ ಹಿಂದಿನಿಂದ "ಮೃತ್ಯುಂಜಯಪ್ಪಾ" ಎಂದು ಕರೆದಾಗ ನಡಿಗೆ ಚುರುಕು ಮಾಡಿದ. ಕರೆದವನು ಅಂಗಡಿಯವನೋ, ಕೋಣದ ಮೇಲೆ ಬಂದವನೋ ಯಾರಿಗೆ ಗೊತ್ತು? ಹುಚ್ಚ ತಿರುಗಿ ನೋಡದೆ ಮನೆಗೆ ಬಂದು ಜಗಲಿಯ ಮಂಚದ ಮೇಲೆ ಮಲಗಿದ. ಆಮೇಲೆ ಏಳಲಿಲ್ಲ. ಕೈಕಾಲಲ್ಲಿ ಕಸುವಿಲ್ಲ ಎಂದ, ಗಂಟಲಲ್ಲಿ ಗಂಜಿ ಇಳಿಯುವುದಿಲ್ಲ ಎಂದ. ಮಗ ಪ್ರಮೋದ ತನ್ನ ಗೂಡ್ಸ್ ಆಟೋದಲ್ಲಿ ಡಾಕ್ಟರನ್ನು ಕರೆತಂದ. ಡಾಕ್ಟರು ಎಲ್ಲ ನೋಡಿ, ಏನೂ ಇಲ್ಲ ಎಂದು ಹೇಳಿ, ಮೃತ್ಯುಂಜಯ ಎಂದು ಚೀಟಿ ಬರೆದು ಗುಳಿಗೆ ಕೊಟ್ಟರು. ಬೇರೆಯವನ ಹೆಸರಿನ ಗುಳಿಗೆ ತಾನು ನುಂಗುವುದು ಹೇಗೆಂದು ಹುಚ್ಚ ಅದನ್ನು ಮುಟ್ಟಲಿಲ್ಲ.

ನಿಜವಾದ ಕಷ್ಟ ಇನ್ನೊಂದಿತ್ತು. ಮಗ 'ಅಪ್ಪಾ' ಎನ್ನುತ್ತಿದ್ದ. ಹೆಂಡತಿ 'ಇವ್ರ' ಎನ್ನುತ್ತಿದ್ದಳು. ಊರವರು ಕಂಬ ನೋಡಿಕೊಂಡು 'ಮೃತ್ಯುಂಜಯ' ಎನ್ನುತ್ತಿದ್ದರು. ಹುಚ್ಚ ಎನ್ನುವ ಮಾತು ಯಾರ ಬಾಯಲ್ಲೂ ಇಲ್ಲದಾಯಿತು. ಹೆಸರು ಇರುವುದು ಬೇರೆಯವರ ಬಾಯಲ್ಲಿ. ಒಬ್ಬರೂ ಕರೆಯದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಅವ್ವ ಕಟ್ಟಿದ ಬೇಲಿ ಹೀಗೆ ಬಿದ್ದುಹೋಗಿ ಯಮನಿಗೆ ದಾರಿ ಬಯಲಾಗಿದೆ ಎಂದು ಹುಚ್ಚನಿಗೆ ಖಾತ್ರಿಯಾಯಿತು. ಅವನಿಗೆ ಭಯವಾಯಿತು. ಬದುಕು ಸಾಕಾಗಿದೆ ಎಂದು ಅವನಿಗೆ ಒಂದು ದಿನವೂ ಅನಿಸಿರಲಿಲ್ಲ.

ಕಲ್ಲಯ್ಯ ನೋಡಲು ಬಂದ. ಪಾರ್ವತವ್ವನ ಮಗ ಅವನು, ಬೇಲಿಯಾಚೆಯ ಮನೆ. ಕಲ್ಲು ಜಡವಸ್ತು, ಅದು ಹೆಸರಾಗಬಾರದು ಎಂದು ಅವನನ್ನು ಶೈಲೇಂದ್ರ ಮಾಡಿದ್ದರು. ಶೈಲ ಅಂದರೂ ಕಲ್ಲೇ ಅಲ್ಲವೇ ಎಂದು ಕೇಳಿದ್ದಕ್ಕೆ, ಅದು ಶುದ್ಧವಾದ ಕಲ್ಲು ಎಂದಿದ್ದ ವಿಘ್ನೇಶ್ವರ.

"ಹ್ಯಾಂಗದಿ?" ಎಂದು ಕಲ್ಲಯ್ಯ ಮಂಚದ ತುದಿಗೆ ಕೂತ.

"ಹೊಂಟೇನಿ," ಎಂದ ಹುಚ್ಚ.

"ಎಲ್ಲಿಗೆ?"

ಹುಚ್ಚ ಮಾಡಿನ ಕಡೆ ಬೆರಳು ತೋರಿಸಿದ.

"ಕೇಳದ ಹೋಗಾಕ ಬರೂದಿಲ್ಲ. ನೀ ನಮ್ಮನೀ ಆಸ್ತಿ. ನಮ್ಮವ್ವ ಸೇರು ನುಚ್ಚು ಕೊಟ್ಟು ತಗೊಂಡಾಳ."

ಈ ತಮಾಷೆ ಅವರಿಬ್ಬರ ನಡುವೆ ಚಡ್ಡಿ ಹಾಕುವ ಕಾಲದಿಂದ ನಡೆದು ಬಂದದ್ದು. ಯಾವಾಗಲೂ ನಗುವ ಹುಚ್ಚ ಇವತ್ತು ನಗಲಿಲ್ಲ. ಮೊಣಕೈ ಊರಿ ಎದ್ದು ಕೂತು, "ಹಂಗಾರ ಇನ್ನೊಮ್ಮಿ ತಗೋ," ಎಂದ.

"ಏನ?"

"ನನ್ನ. ಮೊರದಾಗ ಹಾಕಿ, ತಿಪ್ಯಾಗ ಉಳ್ಳಿಸಿ, ನುಚ್ಚು ಕೊಟ್ಟು ತಗೋ. ಮೂರ್ ಸಲ ಕೂಗು. ಮತ್ತ ಸರಿ ಆಗತೈತಿ."

ಕಲ್ಲಯ್ಯ ಗೆಳೆಯನ ಮುಖ ನೋಡಿದ. ಎದ್ದು ಹೋಗಿ ಪಂಚೆಯ ಸೆರಗಿನಲ್ಲಿ ನುಚ್ಚು ಕಟ್ಟಿಕೊಂಡು ಬಂದ. ಊರ ತಿಪ್ಪೆಗೆ ಹೋಗುವಂತಿರಲಿಲ್ಲ. ಪು‌ಣ್ಯಸಭೆ ಅದಕ್ಕೆ ತಂತಿಬೇಲಿ ಹಾಕಿ ಗೋಮಯ ಕ್ಷೇತ್ರ ಎಂದು ಫಲಕ ನೆಟ್ಟಿತ್ತು, ಒಳಗೆ ಕಾಲಿಡಬೇಕಾದರೆ ಮಿಂದು ಮಡಿಯುಟ್ಟು ಬರಬೇಕಿತ್ತು. ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಒಂದು ಬುಟ್ಟಿ ಸಗಣಿಯಲ್ಲೇ ಕೆಲಸ ಸಾಗಿಸಬೇಕೆಂದು ಇಬ್ಬರೂ ಮಾತಾಡಿಕೊಂಡರು. ಹುಚ್ಚ ಗೋಡೆ ಹಿಡಿದುಕೊಂಡು ಅಲ್ಲಿಯತನಕ ನಡೆದ. ದುರ್ಗಿಯ ಮೊರವನ್ನು ಸಗಣಿಯ ಮೇಲಿಟ್ಟು ಅದರಲ್ಲಿ ಕುಳಿತ. ಹುಟ್ಟಿದಾಗ ಇಡೀ ಮೈ ಮೊರದಲ್ಲಿ ಹಿಡಿಸಿತ್ತು, ಈಗ ಹಿಡಿಸಿದ್ದು ಕುಂಡೆ ಮಾತ್ರ. ಮೊರ ಲಟ್ಟೆಂದು ಮುರಿಯಿತು.

"ಇರ್ಲಿ, ಮುರದ್ರೂ ಮೊರಾನ," ಎಂದ ಹುಚ್ಚ. "ನೀ ಕೂಗು."

ಕಲ್ಲಯ್ಯ ನುಚ್ಚು ಸುರಿದ. ಬಾಯಿ ತೆರೆದ. ಅಷ್ಟರಲ್ಲಿ ಕಂಬದ ಹಾರ್ನು ಗರಗರ ಎಂದು ಗಂಟಲು ಸರಿಮಾಡಿಕೊಂಡಿತು. ಮಧ್ಯಾಹ್ನದ ಪ್ರಾರ್ಥನೆಯ ಹೊತ್ತು. ಕಲ್ಲಯ್ಯನ ಬಾಯಿ ಮುಚ್ಚಿತು. ಅವನು ಬಗ್ಗಿ ಹುಚ್ಚನ ಕಿವಿಯ ಹತ್ತಿರ ಏನೋ ಪಿಸುಗುಟ್ಟಿದ.

"ನಂಗ ಹೇಳಿದ್ರ ಏನ್ ಬಂತು? ನಂಗ ನನ್ನ ಹೆಸರು ಗೊತ್ತೈತಿ. ಯಮಗ ಕೇಳಂಗ ಕೂಗಬೇಕು."

"ಯಮಗ ಕೇಳೂದಕಿಂತ ಮೊದ್ಲ ಕಂಬಕ್ಕ ಕೇಳತೈತಿ," ಎಂದ ಕಲ್ಲಯ್ಯ. ಅವನ ಕಣ್ಣಲ್ಲಿ ನೀರು ಬಂದಿತ್ತು. "ಸುಭಾಷನ್ನ ನೋಡಿಲ್ಲೇನ ನೀ? ನಂಗ ಆಗೂದಿಲ್ಲೋ. ಸಿಟ್ಟು ಮಾಡ್ಕೋಬ್ಯಾಡ."

ಅವನು ಪಂಚೆ ಕೊಡವಿಕೊಂಡು ಹೋದ. ಹಿತ್ತಿಲ ಬಾಗಿಲಲ್ಲಿ ದುರ್ಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಗಂಡನನ್ನು ಎಬ್ಬಿಸಿ, ಸಗಣಿ ತೊಳೆದು, ಮಂಚಕ್ಕೆ ಕರೆತಂದು ಮಲಗಿಸಿದಳು. "ಇದ್ದದ್ದೊಂದು ಮೊರ. ಇನ್ನ ಅಕ್ಕಿ ಎದ್ರಾಗ ಕೇರಲಿ," ಎಂದಷ್ಟೇ ಅಂದಳು. ನೆಲಕ್ಕೆ ಬಿದ್ದ ನುಚ್ಚನ್ನು ಬಳಿದು ಒಳಗಿಟ್ಟಳು.

ಅದೇ ವಾರ ನಾಮೋಚ್ಚಾರ ದಿನದ ಆಜ್ಞೆ ಬಂತು. ಹೊಸ ಹೆಸರುಗಳು ಮನೆಯಲ್ಲಿ ಬಳಕೆಯಾಗುತ್ತಿಲ್ಲ ಎಂದು ಮೇಲಿನವರಿಗೆ ಸಂಶಯ ಬಂದಿತ್ತು. ಆದ್ದರಿಂದ ಪ್ರತಿ ಹೆಂಡತಿಯೂ ಗಂಡನ ಶುದ್ಧನಾಮವನ್ನು ಮೈಕಿನಲ್ಲಿ ಹೇಳಬೇಕೆಂದು ಮೊದಲ ಆಜ್ಞೆ. ಗಂಡನ ಹೆಸರು ಹೇಳುವುದು ಪತಿವ್ರತೆಗೆ ಸಲ್ಲದೆಂದು ಹಿಂದಿನ ವರ್ಷ ಅವರೇ ಹೊರಡಿಸಿದ್ದ ನಿಯಮವನ್ನು ಯಾರೋ ನೆನಪಿಸಿದರು. ಯಾವ ಹೆಂಡತಿಯೂ ಹೇಳಬಾರದೆಂದು ಎರಡನೆಯ ಆಜ್ಞೆ ಬಂತು. ಕಡೆಗೆ ಶಿರಸಿಯ ಕಚೇರಿಯಲ್ಲಿ ಯಾವನೋ ಬುದ್ಧಿವಂತ ದಾರಿ ಕಂಡುಹಿಡಿದ. ಮದುವೆಯಲ್ಲಿ ಹೊಸ್ತಿಲು ತಡೆದು ಹೆಣ್ಣುಮಕ್ಕಳ ಬಾಯಿಂದ ಗಂಡನ ಹೆಸರು ಹೇಳಿಸುತ್ತಾರಲ್ಲ, ಒಡಪು ಕಟ್ಟಿ? ಒಡಪಿನಲ್ಲಿ ಹೇಳಿದರೆ ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಒಡಪನ್ನು ಕಚೇರಿಯವರೇ ಕಟ್ಟಿ ಕಳಿಸಿದರು, ಎಲ್ಲರಿಗೂ ಒಂದೇ:

ಚಿನ್ನದ ಹರಿವಾಣದಲ್ಲಿ ಶ್ರೀಗಂಧ ತೇದಿಹುದು,
ಪುಣ್ಯಸಭೆ ಕರುಣಿಸಿದ ಪತಿನಾಮ ಇಂಥದ್ದು ಎಂದಿಹುದು.

ಇಂಥದ್ದು ಎನ್ನುವಲ್ಲಿ ಹೆಸರು ಹಾಕಿಕೊಂಡು ಮೂರು ಸಲ ಹೇಳಬೇಕು. ಹೇಳದಿದ್ದರೆ ಹೇಳದವಳಿಗೆ ಶಿಬಿರ.

ಇದನ್ನು ಕಲಿಸಲು ವಿಘ್ನೇಶ್ವರ ಮನೆಮನೆಗೆ ಬಂದ. ಹುಚ್ಚನ ಮನೆಯಲ್ಲಿ ಅವನು ಹೆಚ್ಚು ಹೊತ್ತು ಕೂತ, ಎರಡು ಲೋಟ ಮಜ್ಜಿಗೆ ಕುಡಿದ, ಕಂಬದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ತಾಲೂಕಿನಲ್ಲಿ ಅಶುದ್ಧ ಹೆಸರು ಒಂದೂ ಉಳಿದಿಲ್ಲ ಅಂತ ನಾನು ಆಗಲೇ ಮೇಲಕ್ಕೆ ಬರೆದು ಕಳಿಸಿದ್ದೇನೆ, ದುರ್ಗಾಂಬಿಕಾ ಅವರೇ. ಒಂದು ಉಳಿದಿದೆ ಅಂತಾದರೂ ಮೊದಲು ಜೀಪು ಹತ್ತುವವನು ನಾನು. ನನಗೂ ಹೆಂಡತಿ ಇದ್ದಾಳೆ. ದಯವಿಟ್ಟು ಸರಿಯಾಗಿ ಹೇಳಿ."

"ನಿಮಗ ಏನ ಹೆಸರು ಇಟ್ಟಾರ್ರಿ?" ಎಂದು ದುರ್ಗಿ ಕೇಳಿದಳು.

"ನನ್ನದು ಮೊದಲಿನಿಂದಲೂ ಇದೇ. ಶುದ್ಧವೇ ಇತ್ತು," ಎಂದ ಅವನು. ಹೇಳುವಾಗ ಅವನಿಗೆ ತುಸು ನಾಚಿಕೆಯಾದಂತೆ ಕಂಡಿತು.

ಅವನು ಹೋದ ಮೇಲೆ ದುರ್ಗಿ ರೊಟ್ಟಿ ಬಡಿಯಲು ಕೂತಳು. ಹುಚ್ಚ ಮಂಚದಿಂದಲೇ ಅವಳ ಬೆನ್ನನ್ನು ನೋಡುತ್ತಿದ್ದ. ಮದುವೆಯ ದಿನ ಅವನಿಗೆ ನೆನಪಾಯಿತು. ಇದೇ ಮನೆಯ ಹೊಸ್ತಿಲಲ್ಲಿ ಹೆಂಗಸರು ಅವಳನ್ನು ತಡೆದು ನಿಲ್ಲಿಸಿ ಹೆಸರು ಹೇಳು, ಹೆಸರು ಹೇಳು ಎಂದು ಕಾಡಿದ್ದರು. ವರನ ಹೆಸರು ಹುಚ್ಚ ಎಂದು ಎಲ್ಲರಿಗೂ ಗೊತ್ತಿತ್ತು. ನಗಲು ಬಾಯಿಗೆ ಸೆರಗು ಹಿಡಿದುಕೊಂಡೇ ಕಾಯುತ್ತಿದ್ದರು. ದುರ್ಗಿ ತಲೆ ತಗ್ಗಿಸಿ ನಿಂತವಳು ತುಟಿ ಬಿಚ್ಚಲಿಲ್ಲ. ನಿಂತು ನಿಂತು ಎಲ್ಲರಿಗೂ ಬೇಸರ ಬಂದು, ಕಡೆಗೆ ಅವ್ವನೇ ಕೈ ಹಿಡಿದು ಒಳಗೆ ಕರೆದುಕೊಂಡಳು. ಆ ಸಂಗತಿಯನ್ನು ಗಂಡ ಹೆಂಡತಿ ಐವತ್ತು ವರ್ಷ ಮಾತಾಡಿರಲಿಲ್ಲ. ಹುಚ್ಚ ಮರೆತೂ ಇರಲಿಲ್ಲ.

"ಈಗಿನ ಹೆಸರು ಚಂದ ಐತಿ," ಎಂದ. "ಹೇಳಾಕ ನಿಂಗೇನೂ ನಾಚಿಕಿ ಆಗ್ಲಿಕ್ಕಿಲ್ಲ."

ರೊಟ್ಟಿ ಬಡಿಯುವ ಕೈ ನಿಂತಿತು. "ನಾಚಿಕಿ ಅಂತ ಯಾರ ಹೇಳಿದ್ರು ನಿಮಗ?"

"ಯಾರ ಹೇಳಬೇಕು? ಆವತ್ತು ನೀ ಹೇಳಲಿಲ್ಲಲ್ಲ."

ದುರ್ಗಿ ಅವನ ಕಡೆ ತಿರುಗಿ ನೋಡಿದಳು. ಏನೋ ಹೇಳುವವಳಿದ್ದಳು, ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅದನ್ನು ತಿರುವಿ ಹಾಕಿ ಮುಂದಿನ ರೊಟ್ಟಿ ಬಡಿಯತೊಡಗಿದಳು.

ನಾಮೋಚ್ಚಾರದ ದಿನ ಊರಿಗೆ ಊರೇ ಶಾಲೆಯ ಬಯಲಿಗೆ ಹೋಯಿತು. ಪ್ರಮೋದ ಅವ್ವನನ್ನು ಆಟೋದಲ್ಲಿ ಕೂಡಿಸಿಕೊಂಡು ಹೋದ. ಹುಚ್ಚನಿಗೆ ಕಾಯಿಲೆಯವರ ರಿಯಾಯಿತಿ ಸಿಕ್ಕಿತ್ತು, ಮನೆಯಲ್ಲೇ ಮಲಗಿ ಹಾರ್ನಿನಲ್ಲಿ ಕೇಳಿದರೆ ಸಾಕು. ಜಗಲಿಯ ಎದುರಿಗೇ ಕಂಬ. ಸುಡುಬಿಸಿಲು, ಬೀದಿಯಲ್ಲಿ ನಾಯಿಯೂ ಇಲ್ಲ.

ಹಾರ್ನಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಮೊದಲನೆಯವಳು ಒಡಪನ್ನು ಪಟಪಟನೆ ಒಪ್ಪಿಸಿ, ಹೆಸರಿನ ಹತ್ತಿರ ಬಂದು ನಿಂತುಬಿಟ್ಟಳು. "ಪತಿನಾಮ, ಪತಿನಾಮ... ಅದೇನೋ ಉದ್ದಂದು ಇಟ್ಟಾರ್ರಿ ನಮ್ಮವ್ರಿಗೆ. ಮನ್ಯಾಗ ಬಿಟ್ಟು ಬಂದೇನಿ." ವಿಘ್ನೇಶ್ವರ ಹೇಳಿಕೊಟ್ಟದ್ದು ಕೇಳಿಸಿತು. ಇನ್ನೊಬ್ಬಳು ಪಕ್ಕದ ಮನೆಯವನ ಹೆಸರನ್ನು ಮೂರು ಸಲವೂ ತಪ್ಪಿಲ್ಲದೆ ಹೇಳಿದಳು. ಬಯಲಿನಲ್ಲಿ ಸ್ವಲ್ಪ ಹೊತ್ತು ಗಲಾಟೆಯಾಯಿತು. ಕಲ್ಲಯ್ಯನ ಹೆಂಡತಿ ದೇವಕ್ಕ ಗಂಡನನ್ನು ಶೈಲಜಾ ಎಂದಳು. ಬೇರೆ ದಿನವಾಗಿದ್ದರೆ ಹುಚ್ಚ ಬಿದ್ದು ಬಿದ್ದು ನಗುತ್ತಿದ್ದ.

"ದುರ್ಗಾಂಬಿಕಾ," ಎಂದು ಹಾರ್ನು ಕರೆಯಿತು.

ಹುಚ್ಚ ಮಂಚದ ಚೌಕಟ್ಟನ್ನು ಬಿಗಿಯಾಗಿ ಹಿಡಿದ. ಈಗ ಅವಳು ಹೇಳುತ್ತಾಳೆ. ಹೆಂಡತಿಯ ಬಾಯಿಂದಲೇ ಆ ಹೆಸರು ಬಂದಮೇಲೆ ಮುಗಿಯಿತು, ತಾನು ಮೃತ್ಯುಂಜಯನೇ. ಹೇಳದಿದ್ದರೆ ಅವಳನ್ನು ಒಯ್ಯುತ್ತಾರೆ, ಬಂದಮೇಲೆ ಅವಳು ಎಲ್ಲದಕ್ಕೂ "ಒಳ್ಳೇದು" ಎನ್ನುತ್ತ ಕೂತಿರುತ್ತಾಳೆ. ಮೊರ ಮುರಿದರೂ ಒಳ್ಳೇದು, ರೊಟ್ಟಿ ಸೀದರೂ ಒಳ್ಳೇದು. ಅದನ್ನು ನೆನೆದ ಕೂಡಲೇ ಅವನಿಗೆ ಸಾವಿಗಿಂತ ಅದೇ ದೊಡ್ಡ ಭಯವಾಯಿತು.

"ಹೇಳಿಬಿಡು ಮಾರಾಯ್ತಿ," ಎಂದ ಕಂಬಕ್ಕೆ. "ನಾ ಹ್ಯಾಂಗೂ ಹೊಂಟಾಂವ. ಅವ್ರು ಹೇಳಿದ್ದ ಹೇಳಿ ಮನೀಗೆ ಬಾ."

ಹಾರ್ನಿನಲ್ಲಿ ಬರೀ ಗರಗರ. ಯಾರೋ ಕೆಮ್ಮಿದರು. "ಚಿನ್ನದ ಹರಿವಾಣದಲ್ಲಿ," ಎಂದು ವಿಘ್ನೇಶ್ವರ ಮೆಲ್ಲಗೆ ಎತ್ತಿಕೊಟ್ಟ. ಮತ್ತೊಮ್ಮೆ ಎತ್ತಿಕೊಟ್ಟ. ಆಮೇಲೆ ದುರ್ಗಿಯ ದನಿ ಬಂತು. ಗದ್ದೆಯ ಈ ದಂಡೆಯಿಂದ ಆ ದಂಡೆಯವರೊಡನೆ ಮಾತಾಡುವಾಗ ಅವಳು ತೆಗೆಯುವ ದನಿ ಅದು.

"ಒಲಿ ಮ್ಯಾಲ ಕುದಿಯಾಕತ್ತೈತಿ ಸೇರು ಅಕ್ಕಿ ನುಚ್ಚ,
ಯಾರ ಏನ ಹೆಸರು ಇಟ್ರೂ ನನ್ನ ಗಂಡ ಹುಚ್ಚ."

ಬಯಲಿನಲ್ಲಿ ಒಬ್ಬರೂ ನಗಲಿಲ್ಲ. ಅಷ್ಟು ಜನ ಸೇರಿದ ಕಡೆ ಅಂಥ ಮೌನವನ್ನು ಆ ಹಾರ್ನು ಹಿಂದೆಂದೂ ಬಿತ್ತರಿಸಿರಲಿಲ್ಲ.

"ತಪ್ಪಾಯಿತು," ಎಂದ ವಿಘ್ನೇಶ್ವರ. "ಗಾಬರಿಯಲ್ಲಿ ತಪ್ಪಾಯಿತು. ತಿದ್ದಿ ಹೇಳಿ, ಅಮ್ಮಾ."

"ಗಾಬರಿ ಎಲ್ಲೀದ್ರಿ? ಮದುವ್ಯಾಗ ಹೇಳೂದಿತ್ತು, ಆವತ್ತು ನಗೂ ಮಂದಿ ಮುಂದ ಹೇಳೂದು ಬ್ಯಾಡಾಗಿತ್ತು ನಂಗ. ಮೂರ್ ಸಲ ಅಂದಿದ್ರಲ್ರಿ? ಇನ್ನ ಎರಡು ಉಳದಾವು." ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. "ಹುಚ್ಚ. ಹುಚ್ಚ."

ಎದುರಿನ ಕಂಬ ಕೂಗಿತು. ಒಂದು ಗಳಿಗೆ ತಡವಾಗಿ ಕೆರೆಯ ಬದಿಯ ಕಂಬ ಕೂಗಿತು, ಅದರ ಹಿಂದೆ ಆಚೆ ಊರಿನದು, ಅದರಾಚೆಯದು. ತಾಲೂಕಿನಲ್ಲಿ ಎಷ್ಟು ಕಂಬಗಳಿದ್ದವೋ ಅಷ್ಟೂ ಕಂಬಗಳು ಬಿಸಿಲಿನಲ್ಲಿ ನಿಂತು ಅವನ ಹೆಸರು ಹಿಡಿದು ಕರೆದವು. ಯಮ ಎಷ್ಟು ಕಿವುಡನಿದ್ದರೂ ಕೇಳಲೇಬೇಕು.

"ಓ," ಎಂದ ಹುಚ್ಚ.

ಅಂದದ್ದು ಅವನಿಗೇ ಗೊತ್ತಾಗಲಿಲ್ಲ. ಎದ್ದು ಕೂತಿದ್ದ, ಕಾಲು ನೆಲದ ಮೇಲಿದ್ದವು. ಹಾರ್ನು ಟಪ್ಪೆಂದು ನಿಂತುಹೋಯಿತು. ಅವಳನ್ನು ಈಗ ಜೀಪಿಗೆ ಹತ್ತಿಸುತ್ತಿರಬಹುದು. ಹಾಗಿದ್ದರೆ ತಾನೂ ಹತ್ತುವವನೇ, ಬಿಡುವುದಿಲ್ಲ. ಗೂಟದ ಮೇಲಿನ ಟವೆಲ್ಲು ಹೆಗಲಿಗೆ ಹಾಕಿದ, ಚಪ್ಪಲಿ ಹುಡುಕಿದ, ಒಂದೇ ಸಿಕ್ಕಿತು. ಅದನ್ನೂ ಬಿಟ್ಟು ಬರಿಗಾಲಲ್ಲಿ ಅಂಗಳ ದಾಟಿ ಬೇಲಿಯ ಗೇಟಿನ ತನಕ ಬಂದ. ಇಷ್ಟು ದಿನ ಗೋಡೆ ಹಿಡಿದು ನಡೆದವನು ತಾನು ಎಂಬುದು ನೆನಪಿಗೆ ಬರಲಿಲ್ಲ.

ಹಾರ್ನು ಮತ್ತೆ ಗರಗುಟ್ಟಿತು.

"ಸಾರ್ವಜನಿಕರ ಗಮನಕ್ಕೆ," ಎಂದಿತು ವಿಘ್ನೇಶ್ವರನ ದನಿ, ಪ್ರತಿ ಶಬ್ದವನ್ನೂ ನೋಡಿ ನೋಡಿ ಇಡುತ್ತ. "ಈಗ ಕೇಳಿಸಿದ್ದು ಗಾಳಿಯ ಸದ್ದು. ಇಂದು ಗಾಳಿ ಜೋರಾಗಿದೆ. ಗಾಳಿ ಹಾರ್ನಿನೊಳಗೆ ಹೊಕ್ಕು ಕೆಲವು ಅಕ್ಷರಗಳು ಉಂಟಾಗಿವೆ. ನಮ್ಮ ತಾಲೂಕಿನಲ್ಲಿ ಅಂಥ ಹೆಸರಿನವರು ಯಾರೂ ಇಲ್ಲ, ಇಲ್ಲವೆಂದು ಈಗಾಗಲೇ ಮೇಲಕ್ಕೆ ವರದಿಯಾಗಿದೆ. ಆದ್ದರಿಂದ ಯಾರೂ ಏನೂ ಕೇಳಿಲ್ಲ. ಮುಂದಿನವರು ಬನ್ನಿ."

ಮುಂದಿನವಳು ಬಂದಳು. ಚಿನ್ನದ ಹರಿವಾಣ, ಶ್ರೀಗಂಧ, ಎಲ್ಲ ಮೊದಲಿನಂತೆ ಸಾಗಿತು.

ಹುಚ್ಚ ಗೇಟು ಹಿಡಿದು ನಿಂತೇ ಇದ್ದ. ಬಹಳ ಹೊತ್ತಿನ ಮೇಲೆ ಆಟೋ ಬಂತು. ಪ್ರಮೋದನ ಮುಖ ಬಿಳಿಚಿತ್ತು. ಇಳಿದವನು ಅಪ್ಪ ಎದ್ದು ನಿಂತದ್ದನ್ನು ನೋಡಿ ಕೊಟ್ಟಿಗೆಯ ಕಡೆ ನಡೆದ. ದುರ್ಗಿ ಸೆರಗು ಸರಿಮಾಡಿಕೊಳ್ಳುತ್ತ ಇಳಿದಳು. ಗಂಡನ ಬರಿಗಾಲು ನೋಡಿದಳು.

"ಬಿಸಲಾಗ ಯಾಕ ನಿಂತೀರಿ? ಉಂಡೀರೇನು?"

"ಇಲ್ಲ. ಹಸಿವಾಗೈತಿ."

ಅವಳು ಒಳಗೆ ಹೋಗಿ ಒಲೆ ಹೊತ್ತಿಸಿದಳು. ನುಚ್ಚಿನ ಗಂಜಿ ಬೇಯುವ ತನಕ ಹುಚ್ಚ ಜಗಲಿಯ ಮೇಲೆ ಕೂತಿದ್ದ. ಅವಳು ತಾಟು ತಂದು ಮುಂದಿಟ್ಟಾಗ ಅವನು ಅದಕ್ಕೆ ಕೈ ಹಾಕಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ, ಕೇಳಲು ಸಂಕೋಚಪಟ್ಟ.

"ಇನ್ನೊಮ್ಮಿ ಅನ್ನು," ಎಂದ.

"ಏನ?"

"ಅದ. ಆಗ ಅಂದ್ಯಲ್ಲ."

ದುರ್ಗಿಯ ಕೆನ್ನೆ ಮದುವೆಯ ಹೆಣ್ಣಿನದರಂತೆ ಕೆಂಪಾಯಿತು. ತಾಲೂಕಿಗೆಲ್ಲ ಕೇಳಿಸುವಂತೆ ಕೂಗಿ ಬಂದವಳು ಈಗ ಬಾಗಿಲ ಮರೆಗೆ ಸರಿದಳು. "ನಾ ಏನ ಅಂದೇನ್ರಿ?" ಎಂದಳು ಒಳಗಿನಿಂದ. "ಅದು ಗಾಳಿ ಅಂತ ಹೇಳಿದ್ರಲ್ಲ, ಕೇಳ್ಸಲಿಲ್ಲೇನು? ಆರೂದ್ರಾಗ ಉಣ್ರಿ."

ಹುಚ್ಚ ಗಂಜಿ ಕಲಸುತ್ತ ಹೊರಗೆ ನೋಡಿದ. ಹಗ್ಗದ ಮೇಲೆ ಒಣಹಾಕಿದ ಅವಳ ಸೀರೆ ನೆಟ್ಟಗೆ ಇಳಿಬಿದ್ದಿತ್ತು. ಬೇಲಿಯ ನುಗ್ಗೆಗಿಡದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ.